ಹೊಳೆಗೆ ಹೋದ ಉದ್ರಿ ಪುಸ್ತಕ

ಪ್ರವಾಹ ಬಂದು ಹೋದ ಮೇಲೆ ಸರ್ಕಾರ ಲೆಕ್ಕ ಹಾಕುತ್ತದೆ. ಎಷ್ಟು ಮನೆ ಬಿದ್ದವು, ಎಷ್ಟು ಎಕರೆ ಕಬ್ಬು ಕೊಳೆಯಿತು, ಎಷ್ಟು ದನಕರು ಸತ್ತವು, ಎಷ್ಟು ರಸ್ತೆ ಕಿತ್ತುಹೋಯಿತು. ಪತ್ರಿಕೆಗಳೂ ಅದೇ ಲೆಕ್ಕವನ್ನು ಅಚ್ಚು ಹಾಕುತ್ತವೆ. ಈ ಪಟ್ಟಿಯಲ್ಲಿ ನಾವು ಎಂದೂ ಕಾಣದ ಒಂದು ವಸ್ತುವಿದೆ. ಅದು ಪೇಟೆಯ ಸಣ್ಣ ಅಂಗಡಿಗಳ ಲೆಕ್ಕದ ಪುಸ್ತಕ. ಅದು ಹೋದರೆ ಪಂಚನಾಮೆ ಇಲ್ಲ, ಪರಿಹಾರ ಇಲ್ಲ, ಅಯ್ಯೋ ಎನ್ನುವವರೂ ಇಲ್ಲ. ಸ್ವತಃ ಅಂಗಡಿಯವನೇ ‘ಹೋದದ್ದು ಹೋಯಿತು’ ಎಂದು ಕೈ ಕೊಡವಿಕೊಂಡು ಮರುದಿನ ಹೊಸ ಪುಸ್ತಕ ತರುತ್ತಾನೆ. ನಮ್ಮ ತಕರಾರು ಇರುವುದು ಈ ಕೈ ಕೊಡವಿಕೊಳ್ಳುವವನ ಮೇಲೆ. ಎಂದರೆ ನಮ್ಮವರ ಮೇಲೆಯೇ.

2019ರ ಆಗಸ್ಟ್ ತಿಂಗಳಲ್ಲಿ ಘಟಪ್ರಭೆಯೂ ಮಾರ್ಕಂಡೇಯವೂ ಒಟ್ಟಿಗೆ ಉಕ್ಕಿ ಗೋಕಾಕ ಪಟ್ಟಣದೊಳಕ್ಕೆ ನುಗ್ಗಿದವು. ಲೋಳಸೂರ ಸೇತುವೆ ಮುಳುಗಿತು. ಆ ಊರಿನಲ್ಲಿ ನಮ್ಮ ಮಾಮುವಿನದೊಂದು ಕಿರಾಣಿ ಅಂಗಡಿಯಿದೆ. ಬಕ್ರೀದ್ ಕಳೆದು ನೀರು ಇಳಿದ ಮೇಲೆ ಧಾರವಾಡದಿಂದ ನಾವು ಅಲ್ಲಿಗೆ ಹೋದಾಗ ಮಾಮು ಸಲಿಕೆ ಹಿಡಿದು ಕೆಸರು ಎತ್ತುತ್ತಿದ್ದರು. ಅಕ್ಕಿ ಚೀಲಗಳು ಉಬ್ಬಿ ಒಡೆದು ನಾರುತ್ತಿದ್ದವು. ಸಕ್ಕರೆಯ ಚೀಲಗಳು ಇಟ್ಟಲ್ಲಿಯೇ ಇದ್ದವು, ಒಳಗೆ ಸಕ್ಕರೆ ಇರಲಿಲ್ಲ. ಗಲ್ಲೆಯ ಪಕ್ಕದಲ್ಲಿ ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಉದ್ರಿ ಪುಸ್ತಕ ಬಿದ್ದಿತ್ತು, ಎರಡು ಇಟ್ಟಿಗೆಯಷ್ಟು ದಪ್ಪ ಉಬ್ಬಿಕೊಂಡು. ಬಿಡಿಸಲು ಹೋದರೆ ಹಾಳೆ ಹಾಳೆಯಾಗಿ ಬರದೆ ನೆನೆದ ರೊಟ್ಟಿಯ ಹಾಗೆ ತುಂಡಾಗಿ ಕೈಗೆ ಬರುತ್ತಿತ್ತು. ಮಾಮು ಶಾಯಿ ಪೆನ್ನಿನ ಕಾಲದವರು. ಹೆಸರು, ಅಂಕಿ, ತಾರೀಖು ಎಲ್ಲವೂ ಕರಗಿ ನೀಲಿ ಕಲೆಯಾಗಿದ್ದವು.

“ಮಾಲು ಹೋದದ್ದನ್ನ ಎಣಸಬಹುದು ಬೇಟಾ, ಇದನ್ನ ಹ್ಯಾಂಗ ಎಣಸಲಿ?” ಎಂದರು.

ಅದು ಕಬ್ಬಿನ ಸೀಮೆ. ಕಾರ್ಖಾನೆಯಿಂದ ಕಬ್ಬಿನ ಬಿಲ್ಲು ಬಂದಾಗಲೇ ರೈತನ ಕೈಗೆ ದುಡ್ಡು. ಅಲ್ಲಿಯವರೆಗೆ ಮನೆಯ ಎಣ್ಣೆ, ಬೇಳೆ, ಸಾಬೂನು ಎಲ್ಲವೂ ಉದ್ರಿಯಲ್ಲೇ ನಡೆಯಬೇಕು. ರೈತನಿಗೆ ದುಡ್ಡು ಬರದೆ ಅವನ ಹೊಲದ ಕೂಲಿಯವನಿಗೂ ಬರುವುದಿಲ್ಲ, ಅವನದೂ ಉದ್ರಿ. ಆ ವರ್ಷ ಪ್ರವಾಹಕ್ಕೆ ಕೆಲವೇ ದಿನ ಮೊದಲು ನಾಗರ ಪಂಚಮಿ ಬಂದಿತ್ತು. ಉಂಡಿ ಕಟ್ಟಲು ಊರಿಗೆ ಊರೇ ಬೆಲ್ಲ, ಶೇಂಗಾ, ಪುಟಾಣಿ ಒಯ್ದಿತ್ತು. ಉದ್ರಿ ಎಷ್ಟಿತ್ತು ಎಂದು ಕೇಳಿದರೆ ಮಾಮು ನಾಲ್ಕು ಲಕ್ಷ ಎಂದರು, ಸ್ವಲ್ಪ ಹೊತ್ತು ಬಿಟ್ಟು ಐದೂ ಇರಬಹುದು ಎಂದರು. ಅಂಗಡಿಯ ಬಂಡವಾಳ ಚೀಲಗಳಲ್ಲಿ ಇರುವುದಕ್ಕಿಂತ ಹೆಚ್ಚು ಆ ಪುಸ್ತಕದಲ್ಲಿತ್ತು.

ಮುಂದಿನ ಎರಡು ಮೂರು ತಿಂಗಳಲ್ಲಿ ನಡೆದದ್ದನ್ನು ಹೇಳಬೇಕು. ತಾವಾಗಿಯೇ ಬಂದು ಇಷ್ಟು ಕೊಡಬೇಕಿತ್ತು ಎಂದು ಹೇಳಿ ಕೊಟ್ಟವರಿದ್ದರು. ಒಬ್ಬ ಅಜ್ಜಿ ಸೆರಗಿನ ಗಂಟು ಬಿಚ್ಚಿ 340 ರೂಪಾಯಿ ಎಣಿಸಿ ಇಟ್ಟುಹೋದಳು. ಮಾಮುವಿಗೆ ಆ ಬಾಕಿಯ ನೆನಪೇ ಇರಲಿಲ್ಲ. ಎರಡು ಸಾವಿರ ಇದ್ದದ್ದನ್ನು ಎಂಟು ನೂರು ಎಂದವರಿದ್ದರು, ಅಂಗಡಿಯ ಮುಂದಿನ ದಾರಿಯನ್ನೇ ಬಿಟ್ಟು ಹಿಂದಿನ ಗಲ್ಲಿಯಲ್ಲಿ ಓಡಾಡಿದವರಿದ್ದರು. ಇದೆಲ್ಲ ಲೋಕರೂಢಿ. ನಮ್ಮನ್ನು ಇಂದಿಗೂ ಕಾಡುವುದು ಬೇರೊಂದು. ಇಪ್ಪತ್ತು ವರ್ಷಗಳಿಂದ ಅದೇ ಅಂಗಡಿಯ ಗಿರಾಕಿಯಾಗಿದ್ದ ಒಬ್ಬ ಹಮಾಲಿಗೆ ಮಾಮು, “ನಿನ್ನದು ಹದಿನೆಂಟು ನೂರು ಇತ್ತಲ್ಲಪಾ” ಎಂದರು. ಆತ, “ಪಂಚಮಿ ಹಿಂದಿನ ದಿನಾನ ಕೊಟ್ಟೀನ್ರಿ, ನೀವು ಜಮಾ ಬರಕೊಂಡದ್ದು ನಿಂತ ನೋಡೀನಿ. ಬುಕ್ಕ ತಗದ ನೋಡ್ರಿ” ಎಂದ. ತೆಗೆದು ನೋಡಲು ಬುಕ್ಕು ಎಲ್ಲಿದೆ? ಮಾಮು ಸುಳ್ಳು ಹೇಳುವವರಲ್ಲ, ಅವರಿಗೆ ನೆನಪಿರಲಿಲ್ಲ ಅಷ್ಟೆ. ಹಮಾಲಿಯೂ ಸುಳ್ಳು ಹೇಳುವವನಲ್ಲ. ಮಾತಿಗೆ ಮಾತು ಬೆಳೆಯಿತು. ನಾಲ್ಕು ಜನರ ಎದುರು ಅವನು ಸಾಲಗಾರನಾದ. ಹದಿನೆಂಟು ನೂರು ರೂಪಾಯಿಯನ್ನು ಅಲ್ಲೇ ಬಿಸಾಕಿ ಹೊರಟುಹೋದ.

ಅವತ್ತು ನಮಗೆ ತಿಳಿದದ್ದು ಇದು: ಉದ್ರಿ ಪುಸ್ತಕ ಅಂಗಡಿಯವನೊಬ್ಬನ ಸೊತ್ತಲ್ಲ. ಅದರ ಒಂದು ಮಗ್ಗುಲಲ್ಲಿ ಅವನಿಗೆ ಬರಬೇಕಾದದ್ದಿದೆ, ಇನ್ನೊಂದು ಮಗ್ಗುಲಲ್ಲಿ ಬಡವರು ತೀರಿಸಿದ್ದಕ್ಕೆ ಇರುವ ಏಕೈಕ ಸಾಕ್ಷಿ ಇದೆ. ಹಮಾಲಿಗೆ ಯಾರು ರಸೀದಿ ಕೊಡುತ್ತಾರೆ? ಅಂಗಡಿಯವನ ‘ಜಮಾ’ ಎಂಬ ಎರಡಕ್ಷರವೇ ಅವನ ರಸೀದಿ. ಹಾಗಾಗಿ ಪುಸ್ತಕವನ್ನು ಕಳೆದುಕೊಂಡು ‘ನನ್ನದು, ನನಗೇ ನಷ್ಟ’ ಎನ್ನುವ ಅಂಗಡಿಯವನ ಉದಾರತೆ ನಮಗೆ ಒಪ್ಪಿಗೆಯಿಲ್ಲ. ಅದು ಅವನ ಕೈಯಲ್ಲಿರುವ ಅಮಾನತ್ತು. ಪರರ ಗಂಟನ್ನು ಹೊಳೆಯ ದಂಡೆಯಲ್ಲಿ ಬಿಟ್ಟು ಮಲಗುವ ಹಕ್ಕು ಯಾರಿಗೂ ಇಲ್ಲ.

ಕುರ್‌ಆನಿನ ಅತಿ ದೀರ್ಘವಾದ ವಚನ ಯಾವುದರ ಬಗ್ಗೆ ಇದೆ ಎಂದು ನಮ್ಮ ಮೊಹಲ್ಲಾಗಳಲ್ಲಿ ಕೇಳಿ ನೋಡಬೇಕು. ನಮಾಜಿನ ಬಗ್ಗೆ ಎನ್ನುವವರು ಸಿಗುತ್ತಾರೆ, ಉಪವಾಸದ ಬಗ್ಗೆ ಎನ್ನುವವರು ಸಿಗುತ್ತಾರೆ. ಅದು ಇರುವುದು ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ. ಸೂರಾ ಬಕರದ 282ನೇ ವಚನ. ಚಿಕ್ಕದಿರಲಿ ದೊಡ್ಡದಿರಲಿ ಬರೆಯಲು ಬೇಸರಿಸಬಾರದೆಂಬುದೂ ಅದರಲ್ಲಿ ಸೇರಿದೆ. ಸತ್ತವನ ಆಸ್ತಿಯನ್ನು ಪಾಲು ಮಾಡುವುದಕ್ಕೆ ಮುಂಚೆ ಅವನ ಸಾಲ ತೀರಬೇಕೆಂಬುದೂ ನಮಗೆಲ್ಲ ಗೊತ್ತು. ಆದರೆ ಯಾವ ಸಾಲ, ಯಾರಿಗೆ, ಎಷ್ಟು ಎಂದು ಹೇಳುವ ಪುಸ್ತಕವೇ ಇಲ್ಲದಿದ್ದರೆ ತೀರಿಸುವುದು ಏನನ್ನು? ಬರೆಯುವುದು ಕರ್ತವ್ಯವಾದರೆ ಬರೆದದ್ದನ್ನು ಉಳಿಸುವುದು ಕರ್ತವ್ಯವಲ್ಲವೆ?

2019ರ ಕೊನೆಯಿಂದ 2020ರವರೆಗೆ ಪೌರತ್ವದ ಗಲಾಟೆ ಎದ್ದಾಗ ನಮ್ಮ ಮನೆಗಳಲ್ಲಿ ಏನೇನಾಯಿತೆಂದು ನೆನಪು ಮಾಡಿಕೊಳ್ಳಿ. ಅಜ್ಜನ ಶಾಲೆಯ ದಾಖಲೆ, ಅಜ್ಜಿಯ ಮತಪಟ್ಟಿ, ಹರಿದ ಖರೀದಿ ಪತ್ರ ಎಲ್ಲವನ್ನೂ ಟ್ರಂಕಿನಿಂದ ಹೊರತೆಗೆದು ಮೂರು ಮೂರು ಸೆಟ್ಟು ಜೆರಾಕ್ಸ್ ಮಾಡಿಸಿದೆವು. ಭಯ ಬಂದಾಗ ನಮಗೆ ನಕಲು ಇಡಲು ಬರುತ್ತದೆ. ಅದೇ ಮನೆಯ ಅಂಗಡಿಯ ಪುಸ್ತಕ ಅಷ್ಟೂ ದಿನ ಗಲ್ಲೆಯ ಕೆಳಗೆ ಒಂದೇ ಪ್ರತಿಯಾಗಿ, ಪಕ್ಕದಲ್ಲಿ ಸೀಮೆಎಣ್ಣೆ ಡಬ್ಬಿಯನ್ನು ಇಟ್ಟುಕೊಂಡು ಕೂತಿತ್ತು.

ಖರೀದಿ ಪತ್ರ ಹೋದರೆ ಉಪನೋಂದಣಿ ಕಚೇರಿಯಲ್ಲಿ ದೃಢೀಕೃತ ನಕಲು ಸಿಗುತ್ತದೆ. ಪಾನ್ ಕಾರ್ಡು, ಡ್ರೈವಿಂಗ್ ಲೈಸೆನ್ಸು 2015ರಲ್ಲಿ ಆರಂಭವಾದ ಡಿಜಿಲಾಕರಿನಲ್ಲಿ ಸಿಗುತ್ತವೆ, ಹಾಗೆ ಇಲಾಖೆಯಿಂದ ನೇರವಾಗಿ ಬಂದ ಪ್ರತಿಗೆ ಕಾನೂನು ಮೂಲದಷ್ಟೇ ಬೆಲೆ ಕೊಟ್ಟಿದೆ. ಬ್ಯಾಂಕಿನ ಲೆಕ್ಕ ಬ್ಯಾಂಕಿನಲ್ಲಿದೆ. ಉದ್ರಿ ಪುಸ್ತಕಕ್ಕೆ ಮಾತ್ರ ಈ ಲೋಕದ ಯಾವ ಕಚೇರಿಯಲ್ಲೂ ಎರಡನೆಯ ಪ್ರತಿ ಇಲ್ಲ. ನಾವು ಮಾಡಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಹಾಗಿದ್ದೂ ನಾವು ಲ್ಯಾಮಿನೇಷನ್ ಮಾಡಿಸುವುದು ಆಧಾರ್ ಕಾರ್ಡಿಗೆ.

ಇದನ್ನು ಹೇಳಿದಾಗ ಪೇಟೆಯ ಹಿರಿಯರು ಕೊಡುವ ಮೊದಲ ಉತ್ತರ, ‘ಲೆಕ್ಕವೆಲ್ಲ ತಲೆಯಲ್ಲಿದೆ’ ಎಂಬುದು. ಅವರ ನೆನಪಿನ ಬಗ್ಗೆ ನಮಗೆ ಗೌರವವಿದೆ. ಆದರೆ ಆ ತಲೆಯಲ್ಲಿ 340 ರೂಪಾಯಿಯ ಅಜ್ಜಿ ಇರಲಿಲ್ಲ, ಹಮಾಲಿಯ ಜಮಾ ಇರಲಿಲ್ಲ. ತಲೆಯೂ ಒಂದು ದಿನ ಹೋಗುತ್ತದೆ. 2021ರ ಕೊರೋನಾ ಬೇಸಿಗೆಯಲ್ಲಿ ಎಷ್ಟು ಅಂಗಡಿಗಳ ತಲೆಗಳು ಹತ್ತು ದಿನದಲ್ಲಿ ಹೊರಟುಹೋದವು! ತಂದೆ ಉರ್ದುವಿನಲ್ಲಿ ಬರೆದಿಟ್ಟ ಖಾತೆಯನ್ನು ಕನ್ನಡ ಶಾಲೆಗೋ ಇಂಗ್ಲಿಷ್ ಶಾಲೆಗೋ ಹೋದ ಮಗ ತಿರುವಿ ತಿರುವಿ ನೋಡಿ, ಕೊನೆಗೆ ಓದಿಸಿಕೊಳ್ಳಲು ನಮ್ಮಂಥವರ ಬಳಿ ತಂದದ್ದುಂಟು. ನಾವು ಓದಿ ಹೇಳಿದ್ದೂ ಉಂಟು, ಅಕ್ಷರ ಬಿಡಿಸಲಾಗದೆ ಸೋತದ್ದೂ ಉಂಟು. ಹೊಳೆಯೇ ಬರಬೇಕೆಂದಿಲ್ಲ, ಪುಸ್ತಕ ಮನೆಯೊಳಗೇ ಮುಳುಗುತ್ತದೆ.

ಎರಡನೆಯ ಉತ್ತರ ಪಿಸುಮಾತಿನಲ್ಲಿ ಬರುತ್ತದೆ. ‘ಮೊಬೈಲಿನಲ್ಲಿ ಇಟ್ಟರೆ ಟ್ಯಾಕ್ಸಿನವರಿಗೆ ಸಿಗುತ್ತದೆ.’ ಈ ಭಯಕ್ಕೆ 2025ರ ಜುಲೈ ತಿಂಗಳು ಚೆನ್ನಾಗಿ ಉತ್ತರ ಕೊಟ್ಟಿದೆ. ಆಗ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಬಂದ ಹಣದ ಮೊತ್ತವನ್ನು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳಿಸಿತು. ಬೇಕರಿ, ಚಹಾ ಅಂಗಡಿ, ತರಕಾರಿ ಮಾರುವವರವರೆಗೂ ಅದು ಹೋಯಿತು. ಬೆಂಗಳೂರಿನಲ್ಲಿ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿಗಳು ಎದ್ದವು. ಆಮೇಲೆ ಸರ್ಕಾರ ಹಳೆಯ ಬಾಕಿಯ ಮಾತನ್ನು ಬಿಟ್ಟು, ನೋಂದಣಿ ಮಾಡಿಸಿಕೊಳ್ಳಿ ಎಂದು ಸಮಾಧಾನ ಹೇಳಿತು. ಇಲಾಖೆ ಆ ನೋಟೀಸುಗಳನ್ನು ಹಂಚಿದ ರೀತಿಯನ್ನು ನಾವು ಸಮರ್ಥಿಸುವುದಿಲ್ಲ. ಆದರೆ ನೋಡಬೇಕಾದದ್ದು ಇದು: ನಮ್ಮ ಖಾತೆಗೆ ಬಂದ ಹಣ ಅವರಿಗೆ ಕಾಣುತ್ತಿತ್ತು, ನಾವು ಮಾಲಿಗೆ ಕೊಟ್ಟ ಹಣ ಕಾಣುತ್ತಿರಲಿಲ್ಲ. ತರಕಾರಿಗೆ, ಹಾಲಿಗೆ ತೆರಿಗೆಯೇ ಇಲ್ಲವೆಂಬುದು ಆ ಮೊತ್ತದಲ್ಲಿ ಬರೆದಿರಲಿಲ್ಲ. ಸರಕಿನ ವ್ಯಾಪಾರಕ್ಕೆ ಮಿತಿ ವರ್ಷಕ್ಕೆ 40 ಲಕ್ಷ. ಅದರಲ್ಲಿ ಅಳಿಯ ಕಳಿಸಿದ ಹಣ ಎಷ್ಟು, ಕೈಗಡವಾಗಿ ಬಂದದ್ದು ಎಷ್ಟು, ಮಾರಾಟ ಎಷ್ಟು ಎಂದು ಬಿಡಿಸಿ ತೋರಿಸಬಲ್ಲದ್ದು ನಮ್ಮ ಲೆಕ್ಕ ಮಾತ್ರ. ಖರೀದಿಯ ಬಿಲ್ಲು, ಕಿರ್ದಿ, ಖಾತೆ ಇದ್ದವನಿಗೆ ಉತ್ತರ ಕೊಡಲು ಬಾಯಿ ಇತ್ತು. ಇಲ್ಲದವನು ನೋಟೀಸು ಹಿಡಿದು ಬೀದಿಯಲ್ಲಿ ನಿಂತ. ಲೆಕ್ಕ ಇಟ್ಟವನನ್ನು ಸರ್ಕಾರ ಹಿಡಿಯುತ್ತದೆ ಎಂದು ತಲೆಮಾರುಗಳಿಂದ ನಂಬಿದ್ದೆವು. ಹಿಡಿದದ್ದು ಲೆಕ್ಕ ಇಡದವನನ್ನು.

ಕಾನೂನು ಏನು ಹೇಳುತ್ತದೆಂಬುದನ್ನೂ ತಿಳಿದಿರುವುದು ಒಳ್ಳೆಯದು. ಜಿಎಸ್‌ಟಿ ನೋಂದಣಿ ಇರುವವರು ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರ ಉಳಿಸಬೇಕು. ಅವನ್ನು ಕಂಪ್ಯೂಟರಿನಲ್ಲಿ ಇಡಬಹುದು, ಹಾಗೆ ಇಟ್ಟರೆ ಅಪಘಾತದಿಂದಲೋ ಪ್ರಕೃತಿ ವಿಕೋಪದಿಂದಲೋ ನಾಶವಾದಾಗ ಮತ್ತೆ ಹೊರತೆಗೆಯಲು ಬರುವಂತೆ ಇನ್ನೊಂದು ಪ್ರತಿ ಇರಬೇಕೆಂದು 2017ರ ನಿಯಮವೇ ಹೇಳುತ್ತದೆ. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ವ್ಯವಹಾರದ ಕ್ರಮದಲ್ಲಿ ನಿಯತವಾಗಿ ಬರೆದ ಲೆಕ್ಕ ಪುಸ್ತಕವನ್ನು, ಅದು ಯಂತ್ರದಲ್ಲಿ ಇದ್ದರೂ, ಕೋರ್ಟು ನೋಡುತ್ತದೆ. ಅದೊಂದರ ಮೇಲೆಯೇ ಒಬ್ಬನನ್ನು ಸಾಲಗಾರ ಎನ್ನುವುದಿಲ್ಲ, ಬೇರೆ ಸಾಕ್ಷಿಯೂ ಬೇಕು. ಮೂಲ ಪ್ರತಿ ನಾಶವಾಗಿದ್ದರೆ ನಕಲನ್ನು ಹಾಜರುಮಾಡಲು ದಾರಿಯಿದೆ, ಯಂತ್ರದಿಂದ ತೆಗೆದದ್ದಾದರೆ ಅದರ ಜೊತೆ ಪ್ರಮಾಣಪತ್ರ ಕೊಡಬೇಕು. ಹಳೆಯ ಸಾಕ್ಷ್ಯ ಕಾಯ್ದೆಯಲ್ಲೂ ಹೀಗೆಯೇ ಇತ್ತು. ಪುಸ್ತಕವೂ ಇಲ್ಲದೆ ಅದರ ನೆರಳೂ ಇಲ್ಲದೆ ಹೋದವನಿಗೆ ಯಾವ ಕಾಯ್ದೆಯೂ ಏನೂ ಮಾಡಲಾರದು.

ಇಷ್ಟು ಹೇಳಿದ ಮೇಲೆ ನಮ್ಮನ್ನು ‘ಕಾಗದವೇ ಬೇಡ’ ಎನ್ನುವವರ ಪಂಗಡಕ್ಕೆ ಸೇರಿಸಬೇಡಿ. ಅವರ ಮೇಲೆಯೂ ನಮಗೆ ಸಿಟ್ಟಿದೆ. ಕಾಗದವನ್ನೆಲ್ಲ ಸುಟ್ಟು ಮೊಬೈಲಿಗೆ ಹಾಕಿಕೊಳ್ಳಿ, ನಿಶ್ಚಿಂತೆಯಾಗಿರಿ ಎನ್ನುವವರು ಹೊಳೆ ನೋಡಿದವರಲ್ಲ. ಮೊಬೈಲು ಇರುವುದು ಅಂಗಡಿಯವನ ಅಂಗಿಯ ಜೇಬಿನಲ್ಲಿ, ಅವನು ಸೊಂಟದುದ್ದ ನೀರಿನಲ್ಲಿ ಮಕ್ಕಳನ್ನು ಹೊತ್ತು ದಾಟುವಾಗ ಅದೂ ಜೊತೆಗೇ ದಾಟುತ್ತದೆ, ಇಲ್ಲವೆ ಮುಳುಗುತ್ತದೆ. ಕೆಂಪು ಪುಸ್ತಕ ಒಂದೇ ಕಡೆ ಇದ್ದದ್ದು ತಪ್ಪಾದರೆ ಮೊಬೈಲಿನಲ್ಲಿ ಒಂದೇ ಕಡೆ ಇರುವುದೂ ಅದೇ ತಪ್ಪು. ಕಂಪ್ಯೂಟರಿನ ಪಕ್ಕದ ಮೇಜಿನ ಖಾನೆಯಲ್ಲಿ ಪೆನ್ ಡ್ರೈವ್ ಇಟ್ಟು ಎರಡು ಪ್ರತಿ ಇದೆ ಎನ್ನುವವರನ್ನೂ ನೋಡಿದ್ದೇವೆ. ಬೆಂಕಿ ಮೇಜನ್ನು ಸುಟ್ಟು ಖಾನೆಯನ್ನು ಬಿಡುತ್ತದೆಯೆ? ವೈರಿನ ಕಿಡಿಯಿಂದ ಹತ್ತಿದ ಬೆಂಕಿಯಾಗಲಿ ಗಲಭೆಯಲ್ಲಿ ಯಾರೋ ಹಚ್ಚಿದ ಬೆಂಕಿಯಾಗಲಿ, ಅದಕ್ಕೆ ಇಂಥ ಭೇದವಿಲ್ಲ. ಎರಡನೆಯ ಪ್ರತಿ ಬೇರೆ ಊರಿನಲ್ಲಿದ್ದರೆ ಮಾತ್ರ ಅದು ಎರಡನೆಯ ಪ್ರತಿ.

‘ವಾಟ್ಸಾಪಿನಲ್ಲಿದೆ’ ಎನ್ನುವುದು ಇನ್ನೊಂದು ಮಾತು. ಮದುವೆಯ ವೀಡಿಯೋ, ಗುಡ್ ಮಾರ್ನಿಂಗ್ ಹೂವುಗಳ ನಡುವೆ ಬಿಲ್ಲಿನ ಫೋಟೋ ಎಲ್ಲೋ ಇದೆ. ಆರು ತಿಂಗಳ ಮೇಲೆ ಹುಡುಕಿದರೆ ಮಸುಕು ಚಿತ್ರವೊಂದು ಕಾಣುತ್ತದೆ, ಒತ್ತಿದರೆ ತೆರೆಯುವುದಿಲ್ಲ. ಪುಕ್ಕಟೆ ಸಿಗುವ ಉದ್ರಿ ಆ್ಯಪ್‌ಗಳು ಒಳ್ಳೆಯವೇ, ಆದರೆ ಪುಕ್ಕಟೆ ಕೊಟ್ಟವನು ಅಂಗಡಿ ಮುಚ್ಚಿದ ದಿನ ನಮ್ಮ ಲೆಕ್ಕ ಅವನ ಬೀಗದೊಳಗೆ ಇರುತ್ತದೆ. ತಿಂಗಳಿಗೊಮ್ಮೆ ಆ ಲೆಕ್ಕವನ್ನು ಹೊರಗೆ ತೆಗೆದು ನಮ್ಮ ಬಳಿ ಇಟ್ಟುಕೊಳ್ಳದವನಿಗೆ ಅದು ಕೆಂಪು ಪುಸ್ತಕಕ್ಕಿಂತ ಕಡೆ. ಕೊರೋನಾದಲ್ಲಿ ತೀರಿಕೊಂಡವರ ಮೊಬೈಲುಗಳು ಬೆರಳಿನ ಗುರುತಿಗೆ ತೆರೆಯುತ್ತಿದ್ದವು. ಬೆರಳು ಮಣ್ಣಿಗೆ ಹೋಯಿತು, ಗುಟ್ಟಿನ ಸಂಖ್ಯೆ ಯಾರಿಗೂ ಹೇಳಿರಲಿಲ್ಲ. ಹೆಂಡತಿಗೂ ಹೇಳಿರಲಿಲ್ಲ. ಅವಳಿಗೆ ಯಾಕೆ ಎಂಬ ಧಿಮಾಕು ನಮ್ಮ ಗಂಡಸರಲ್ಲಿದೆಯಲ್ಲ, ಆ ಧಿಮಾಕಿನ ಬೆಲೆಯನ್ನು ವಿಧವೆಯರು ತೆತ್ತರು.

ಪ್ರಾಮಿಸರಿ ನೋಟು, ವಸಿಯತ್ ನಾಮಾ ಇಂಥವಕ್ಕೆ ಫೋಟೋ ಸಾಲದು, ಸಹಿಯಿರುವ ಮೂಲ ಕಾಗದವೇ ಬೇಕು. ಅದನ್ನು ಪ್ಲಾಸ್ಟಿಕ್ಕಿನ ಗಟ್ಟಿ ಡಬ್ಬಿಯಲ್ಲಿ ಹಾಕಿ ಎತ್ತರದಲ್ಲಿಡಬೇಕು. ಉಳಿದ ಬಿಲ್ಲುಗಳದು ಬೇರೆ ಕಥೆ. ಈಗ ಸಗಟು ವ್ಯಾಪಾರಿಗಳು ಯಂತ್ರದಿಂದ ಹರಿದು ಕೊಡುವ ನುಣುಪು ಚೀಟಿಯ ಅಕ್ಷರ ಶಾಖಕ್ಕೆ ತಾನಾಗಿ ಅಳಿಸಿಹೋಗುತ್ತದೆ, ಪ್ರವಾಹ ಬರಬೇಕಿಲ್ಲ, ಒಂದು ಬೇಸಿಗೆ ಸಾಕು. ಅದರ ಫೋಟೋ ಅಂದೇ ತೆಗೆಯದಿದ್ದರೆ ವರ್ಷದ ಕೊನೆಗೆ ಫೈಲಿನಲ್ಲಿ ಬಿಳಿ ಚೀಟಿಗಳಷ್ಟೇ ಇರುತ್ತವೆ. ಹಿಂದೆ ನಮ್ಮ ನಾಡಿನ ವ್ಯಾಪಾರಿಗಳು ಇದ್ದಿಲ ಕಪ್ಪು ಬಳಿದ ಬಟ್ಟೆಯ ಮೇಲೆ ಬಳಪದಿಂದ ಲೆಕ್ಕ ಬರೆದು ಮಡಿಸಿ ಇಡುತ್ತಿದ್ದರು. ಅದನ್ನು ಕಡತ ಎನ್ನುತ್ತಿದ್ದರು, ಕಚೇರಿಯ ಕಡತ ಎಂಬ ಮಾತು ಬಂದದ್ದು ಅಲ್ಲಿಂದ. ಬಟ್ಟೆಯಿಂದ ಕಾಗದಕ್ಕೆ ಬಂದಾಗ ವ್ಯಾಪಾರಿಯ ಧರ್ಮವೇನೂ ಕೆಡಲಿಲ್ಲ. ಈಗ ಯಾಕೆ ಇಷ್ಟು ಗಾಬರಿ?

ಒಂದು ಎಚ್ಚರಿಕೆ. ಉದ್ರಿಯ ಹಾಳೆಯಲ್ಲಿ ಊರಿನ ಬಡತನದ ಗುಟ್ಟೆಲ್ಲ ಇರುತ್ತದೆ. ಯಾರ ಮನೆಯಲ್ಲಿ ಈ ತಿಂಗಳು ಅಕ್ಕಿಗೂ ಸಾಲ ಎಂಬುದು ಅದರಲ್ಲಿದೆ. ಬಾಕಿದಾರರ ಹೆಸರನ್ನು ಫೋಟೋ ಹೊಡೆದು ಮೊಹಲ್ಲಾದ ಗುಂಪಿಗೆ ಹಾಕಿ ಮಾನ ಕಳೆಯುವ ಪುಂಡಾಟ ಕೆಲವು ಕಡೆ ಶುರುವಾಗಿದೆ. ನಕಲು ಇಡಿ ಎಂದರೆ ಡಂಗುರ ಸಾರಿ ಎಂದಲ್ಲ.

ಮಾಮುವಿನ ಅಂಗಡಿಗೆ ಬರೋಣ. 2019ರಲ್ಲಿ ಬ್ಯಾಂಕಿನ ಸಾಲದ ಜೊತೆ ಬಂದಿದ್ದ ವಿಮೆಯೊಂದಿತ್ತು. ನಷ್ಟ ನೋಡಲು ಬಂದ ಸರ್ವೇಯರು ಸ್ಟಾಕಿನ ಪುಸ್ತಕ, ಖರೀದಿಯ ಬಿಲ್ಲು ಕೇಳಿದ. ಎಲ್ಲ ನೀರಲ್ಲಿ ಹೋಗಿದೆ ಎಂದರೆ, ನೀರಲ್ಲಿ ಹೋಯಿತೆಂಬುದಕ್ಕೆ ಏನು ದಾಖಲೆ ಎಂದ. ಕೆಸರಿನಲ್ಲಿ ನಿಂತವನನ್ನು ಕಾಗದ ಕೇಳುವ ಈ ಕ್ರೌರ್ಯದ ಬಗ್ಗೆ ಬೇರೆಯೇ ಒಂದು ಲೇಖನ ಬರೆಯಬೇಕು. ಕೈಗೆ ಬಂದದ್ದು ಹೋದದ್ದರ ಕಾಲುಭಾಗವೂ ಅಲ್ಲ.

ಆಮೇಲೆ ದಾರಿ ತೋರಿಸಿದ್ದು ಧಾರವಾಡದಲ್ಲಿ ಬಿ.ಕಾಂ. ಓದುತ್ತಿದ್ದ ಮಾಮುವಿನ ಮೊಮ್ಮಗಳು. ಹುಡುಗಿ ಅಂಗಡಿಯ ಲೆಕ್ಕಕ್ಕೆ ಕೈ ಹಾಕುವುದೇ ಎಂದು ಮಾಮು ಒಂದು ವರ್ಷ ಗೊಣಗಿದರು. ಗಲ್ಲೆಯ ಮೇಲೆ ಅವಳು ಕೂರುವ ಹಾಗಿರಲಿಲ್ಲ, ಹಾಗಾಗಿ ಗಲ್ಲೆಯನ್ನೇ ಹಾಸ್ಟೆಲಿಗೆ ತರಿಸಿಕೊಂಡಳು. ಪುಸ್ತಕದ ಹಾಳೆಗಳಿಗೆ ನಂಬರು ಹಾಕಿಸಿದಳು. ಅಂಗಡಿ ಮುಚ್ಚುವ ಮುಂಚೆ ಅವಳ ಅಬ್ಬಾ ಆ ದಿನ ಬರೆದ ಹಾಳೆಗಳನ್ನೂ ಬಂದ ಬಿಲ್ಲುಗಳನ್ನೂ ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ಕಳಿಸಬೇಕು. ಓದಲು ಬಾರದ ಫೋಟೋ ಬಂದರೆ ವಾಪಸು. ಅವಳು ಅದನ್ನು ತಿಂಗಳವಾರು ಇಂಟರ್‌ನೆಟ್ಟಿನ ಖಾತೆಯಲ್ಲಿ ಹಾಕುತ್ತಾಳೆ. ಗೂಗಲ್ಲಿನಲ್ಲಿ ಪುಕ್ಕಟೆ ಸಿಗುವ 15 ಜಿಬಿ ಜಾಗ ಇಂಥ ಅಂಗಡಿಯ ಎಷ್ಟೋ ವರ್ಷದ ಹಾಳೆಗಳಿಗೆ ಸಾಕು. ತಿಂಗಳ ಕೊನೆಗೆ ಒಂದು ಪೆನ್ ಡ್ರೈವಿಗೆ ಇಳಿಸಿ ನಮ್ಮ ಮನೆಯ ಬೀರುವಿನಲ್ಲಿ ಇಡುತ್ತಾಳೆ. ಇಟ್ಟುಬಿಟ್ಟು ಮರೆಯುವುದಿಲ್ಲ, ಯಾವುದಾದರೂ ಒಂದು ಹಾಳೆಯನ್ನು ತೆರೆದು ನೋಡಿಯೇ ಇಡುತ್ತಾಳೆ. ಗುಟ್ಟಿನ ಸಂಖ್ಯೆ ಒಂದು ಲಕೋಟೆಯಲ್ಲಿ ಮುಮಾನಿಯ ಟ್ರಂಕಿನಲ್ಲಿದೆ. ಇದಕ್ಕೆ ಒಟ್ಟು ಖರ್ಚು ಪೆನ್ ಡ್ರೈವಿನ ದುಡ್ಡು ಮತ್ತು ದಿನಕ್ಕೆ ಹತ್ತು ನಿಮಿಷ.

2024ರ ಜುಲೈ ಕೊನೆಯಲ್ಲಿ ಘಟಪ್ರಭೆ ಮತ್ತೆ ಬಂದಳು, ಲೋಳಸೂರ ಸೇತುವೆ ಮತ್ತೆ ಮುಳುಗಿತು. ಈ ಸಲವೂ ಅಂಗಡಿಯೊಳಗೆ ನೀರು ಹೊಕ್ಕಿತು. ಪುಸ್ತಕವನ್ನು ಅಟ್ಟಕ್ಕೆ ಎತ್ತುವ ಗಡಿಬಿಡಿಯಲ್ಲಿ ಅದು ಕೈಜಾರಿ ನೀರಿಗೇ ಬಿತ್ತು. ಕರೆಂಟು ಇಲ್ಲದೆ ಕೊನೆಯ ಎರಡು ದಿನದ ಹಾಳೆಗಳ ಫೋಟೋ ಹೋಗಿರಲಿಲ್ಲ, ಹೋದ ಲೆಕ್ಕ ಆ ಎರಡು ದಿನದ್ದು ಮಾತ್ರ. ಉಳಿದದ್ದನ್ನು ಮೊಮ್ಮಗಳು ಧಾರವಾಡದಲ್ಲಿ ಪ್ರಿಂಟು ತೆಗೆಸಿ, ನೀರು ಇಳಿದ ವಾರ ಬಸ್ಸಿನಲ್ಲಿ ತಂದು ಅಜ್ಜನ ಮುಂದಿಟ್ಟಳು. ಮಾಮು ಕನ್ನಡಕ ಹಾಕಿಕೊಂಡು ಸಂಜೆಯವರೆಗೂ ಹಾಳೆ ತಿರುವುತ್ತಿದ್ದರು. ಒಂದೆರಡು ಕಡೆ ಪೆನ್ಸಿಲಿನಿಂದ ಗುರುತು ಹಾಕಿದರು. ಆಮೇಲೆ ಅವಳನ್ನು ಕರೆದು, 2019ರ ಪುಸ್ತಕವನ್ನೂ ಹೀಗೆ ತರಲು ಬರುತ್ತದೆಯೇ ಎಂದು ಕೇಳಿದರು.

ಬರುವುದಿಲ್ಲ ಎಂದು ಅವಳು ಹೇಳಬೇಕಾಯಿತು. ಆ ಹಮಾಲಿ ಇವತ್ತಿಗೂ ಎರಡು ಗಲ್ಲಿ ಸುತ್ತಿ ಬೇರೆ ಅಂಗಡಿಗೆ ಹೋಗುತ್ತಾನೆ.